ಅಮ್ಮನಿಗೆ ಗೊತ್ತಾಗದ ಹಾಗೆ ಡಾಕ್ಟರ್ ಹತ್ತಿರ ಏನೇನು ಕೇಳಬೇಕು?

ನಿಮ್ಮ ಅಮ್ಮನಿಗೆ ನಾಲ್ಕನೇ ಸ್ಟೇಜ್ ಕ್ಯಾನ್ಸರ್, ಮುಂದಿನ ವಾರ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಭೇಟಿ, ಅಮ್ಮನಿಗೆ ತಿಳಿಯಬಾರದು ಅಂತ ಕೇಳಿದ್ದೀರಿ. ನಾನೂ ಹೀಗೇ ಅಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಫೈಲ್ ಹಿಡಿದು ಒಬ್ಬನೇ ಒಳಗೆ ಹೋಗಿದ್ದೆ. ಅಪ್ಪನಿಗೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್, ಲಿವರ್‌ಗೆ ಹರಡಿತ್ತು.

ಕೇಳಿದ್ದು ಒಂದೇ ಪ್ರಶ್ನೆ: "ಕೀಮೋ ಕೆಲಸ ಮಾಡುತ್ತಾ ಡಾಕ್ಟ್ರೇ?" "ಸುಮಾರು ಮೂವತ್ತು ಪರ್ಸೆಂಟ್ ಜನಕ್ಕೆ ರೆಸ್ಪಾನ್ಸ್ ಬರುತ್ತೆ" ಅಂದರು. ನೂರಕ್ಕೆ ಮೂವತ್ತು ಜನ ವಾಸಿಯಾಗುತ್ತಾರೆ ಅಂತ ನನ್ನ ಕಿವಿಗೆ ಬಿತ್ತು. ಮನೆಮಂದಿಗೆಲ್ಲ ಹಾಗೇ ಹೇಳಿದೆ.

ರೆಸ್ಪಾನ್ಸ್ ಅಂದರೆ ವಾಸಿ ಅಲ್ಲ. ಸ್ಕ್ಯಾನ್‌ನಲ್ಲಿ ಗುರುತು ಹಾಕಿಕೊಂಡ ಗಡ್ಡೆಗಳ ಅಳತೆ ಕೂಡಿಸುತ್ತಾರೆ, ಆ ಮೊತ್ತ 10 ಸೆಂ.ಮೀ. ಇದ್ದದ್ದು 7ಕ್ಕೆ ಇಳಿದರೆ ಅದೇ ರೆಸ್ಪಾನ್ಸ್. ಮತ್ತೆ ಬೆಳೆಯುತ್ತದೋ, ಎಷ್ಟು ದಿನಕ್ಕೆ ಬೆಳೆಯುತ್ತದೋ, ಆ ಪದದಲ್ಲಿ ಇಲ್ಲ. ಅಪ್ಪನಿಗೆ ಕೊಟ್ಟ ಫಾಲ್ಫಿರಿನಾಕ್ಸ್ ಎಂಬ ಕೀಮೋ ಬಗ್ಗೆ 2011ರಲ್ಲಿ ಬಂದ ಫ್ರೆಂಚ್ ಅಧ್ಯಯನದಲ್ಲಿ ರೆಸ್ಪಾನ್ಸ್ 31.6%. ಅದೇ ಅಧ್ಯಯನದಲ್ಲಿ ಬದುಕಿದ ಅವಧಿಯ ಮಧ್ಯಾಂಕ 11.1 ತಿಂಗಳು, ಹಳೆಯ ಕೀಮೋ ಔಷಧ ಜೆಮ್ಸಿಟಬಿನ್ ಪಡೆದವರಲ್ಲಿ 6.8. ಅಂದರೆ ಅರ್ಧ ಜನ ಅಷ್ಟು ತಿಂಗಳೊಳಗೇ ತೀರಿಕೊಂಡರು, ಉಳಿದರ್ಧ ಅದಕ್ಕಿಂತ ಹೆಚ್ಚು ಕಾಲ ಬದುಕಿದರು. 31.6%, 11.1 ತಿಂಗಳು, ಎರಡೂ ಲೆಕ್ಕ ಒಂದೇ ಚಿಕಿತ್ಸೆಯದು. ನನ್ನ ತಲೆಯಲ್ಲಿ ಕೂತದ್ದು ಮೊದಲನೆಯದು ಮಾತ್ರ. ಹದಿನಾಲ್ಕು ದಿನಕ್ಕೊಮ್ಮೆ ಬೆಂಗಳೂರು, ಪ್ರತಿ ಸಲ 46 ಗಂಟೆ ಪಂಪಿನಿಂದ ಮೈಗೆ ಔಷಧ. ಅಡಿಕೆ ಕೊನೆಕೊಯ್ಲಿಗೆ ಊರಿಗೆ ಹೋಗಿಬರ್ತೀನಿ ಅಂತ ಅಪ್ಪ ಕೇಳಿದಾಗ "ಮೊದಲು ವಾಸಿಯಾಗಲಿ" ಅಂದುಬಿಟ್ಟೆ. ಮುಂದಿನ ಕೊಯ್ಲಿಗೆ ಅವರಿರಲಿಲ್ಲ.

ಅದಕ್ಕೇ, "ಕೆಲಸ ಮಾಡುತ್ತಾ" ಅಂತ ಕೇಳಬೇಡಿ. "ಇದು ವಾಸಿ ಮಾಡೋಕಾ, ದಿನ ಹೆಚ್ಚಿಸೋಕಾ, ತೊಂದರೆ ಕಡಿಮೆ ಮಾಡೋಕಾ? ತಗೊಂಡರೆ ಎಷ್ಟು, ತಗೊಳ್ಳದಿದ್ದರೆ ಎಷ್ಟು, ವಾರಗಳಾ, ತಿಂಗಳಾ, ವರ್ಷಗಳಾ? ಮೊದಲ ಸ್ಕ್ಯಾನ್ ಯಾವಾಗ, ಅದರಲ್ಲಿ ಏನು ಕಂಡರೆ ನಿಲ್ಲಿಸ್ತೀರಿ?" ಎಂದು ಕೇಳಿ. ಓಪಿಡಿಯಲ್ಲಿ ಹತ್ತು ನಿಮಿಷ ಸಿಕ್ಕರೆ ಪುಣ್ಯ, ಇವನ್ನು ಚೀಟಿಯ ಮೊದಲಿಗೇ ಬರೆದುಕೊಳ್ಳಿ. ಅನುಮತಿ ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ.

ಗುಟ್ಟಿನ ವಿಷಯ. ಅದು ನಿಲ್ಲುವುದಿಲ್ಲ, ಕೀಮೋ ವಾರ್ಡಿನಲ್ಲಿ ಪಕ್ಕದ ಕುರ್ಚಿಯವರೇ ಹೇಳಿಬಿಡುತ್ತಾರೆ. ಹೋಗುವ ಮುಂಚೆ ಅಮ್ಮನನ್ನೇ ಕೇಳಿ: "ರಿಪೋರ್ಟ್‌ನಲ್ಲಿ ಇರೋದೆಲ್ಲ ನಿಂಗೆ ಗೊತ್ತಾಗಬೇಕಾ, ನಾನೇ ನೋಡಿಕೊಳ್ಳಲಾ?" "ನೀನೇ ನೋಡಿಕೋ" ಅಂದರೆ ಆಗ ನೀವೊಬ್ಬರೇ ಮಾತಾಡಬಹುದು. ಕೇಳದೆ ನೀವೇ ತೀರ್ಮಾನಿಸಿದರೆ, ನಾನು ಮಾಡಿದ್ದನ್ನೇ ಮಾಡಿದಂತಾಯಿತು.

ಒಂದು ಹಾಳೆಯಲ್ಲಿ ಈಗಿನ ಮಾತ್ರೆಗಳು ಎಷ್ಟೆಷ್ಟು ಮಿಲಿಗ್ರಾಂ, ಎರಡು ತಿಂಗಳಲ್ಲಿ ಎಷ್ಟು ಕೆ.ಜಿ. ಇಳಿದರು, ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಲಗಿಯೇ ಇರುತ್ತಾರಾ, ಇಷ್ಟು ಬರೆದುಕೊಂಡು ಹೋಗಿ. ಕೊನೆಯದು ಮುಖ್ಯ. ಕೀಮೋ ತಡೆದುಕೊಳ್ಳುವ ಶಕ್ತಿ ಇದೆಯೋ ಎಂದು ಅಳೆಯುವುದು ಹೆಚ್ಚಾಗಿ ಅದರಿಂದಲೇ. "ಚೆನ್ನಾಗೇ ಓಡಾಡ್ತಾರೆ" ಅಂತ ಬಣ್ಣ ಹಚ್ಚಬೇಡಿ. ಕಷಾಯ, ಗಿಡಮೂಲಿಕೆ ಕೊಡುತ್ತಿದ್ದರೆ ಮುಚ್ಚಿಡಬೇಡಿ. ಸ್ಕ್ಯಾನಿನ ಫಿಲ್ಮ್ ಸಾಲದು, ಸಿಡಿ ಒಯ್ಯಿರಿ. ಎರಡನೇ ಅಭಿಪ್ರಾಯ ಬೇಕಾದರೆ ಬಯಾಪ್ಸಿ ಮಾಡಿದ ಲ್ಯಾಬ್‌ನಿಂದ ಸ್ಲೈಡ್ (ಗಡ್ಡೆಯ ತೆಳು ಚೂರು ಅಂಟಿಸಿದ ಗಾಜು), ಬ್ಲಾಕ್ (ಮೇಣದಲ್ಲಿ ಕೂರಿಸಿದ ಗಡ್ಡೆಯ ಚೂರು) ಎರಡನ್ನೂ ಪಡೆಯಿರಿ.

ಪ್ಯಾಲಿಯೇಟಿವ್ (ನೋವು, ತೊಂದರೆ ಕಡಿಮೆ ಮಾಡುವ) ವಿಭಾಗಕ್ಕೆ ಬರೆದುಕೊಡಿ ಅಂತ ಮೊದಲ ದಿನವೇ ಕೇಳಿ. ಅದು ಕೈಬಿಟ್ಟವರ ವಾರ್ಡಲ್ಲ, ಕೀಮೋ ಜೊತೆಗೇ ನಡೆಯುತ್ತದೆ. ಬೆಂಗಳೂರಿನ ಕರುಣಾಶ್ರಯ ಎಂಬ ಕ್ಯಾನ್ಸರ್ ರೋಗಿಗಳ ಆರೈಕೆ ಕೇಂದ್ರದಲ್ಲಿ ಆರೈಕೆ ಉಚಿತ. ನೋವಿಗೆ ಮಾರ್ಫಿನ್ ಬರೆದರೆ ಹೆದರಬೇಡಿ. ಮಾರ್ಫಿನ್‌ನ ಸಾಧಾರಣ ಮಾತ್ರೆಯನ್ನು (ನಿಧಾನವಾಗಿ ಕೆಲಸ ಮಾಡುವ ಬಗೆಯಲ್ಲ) ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ನೋವು ಬರಲಿ ಅಂತ ಕಾದರೆ ಹಿಡಿತಕ್ಕೆ ತರುವುದು ಕಷ್ಟ. ಮಾರ್ಫಿನ್‌ನಿಂದ ಹೆಚ್ಚಿನವರಿಗೆ ಮಲಬದ್ಧತೆ ಬರುತ್ತದೆ. ಮಲ ಸಡಿಲಿಸುವ ಔಷಧವೂ ಡಾಕ್ಟರ ಚೀಟಿಯಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಬಾಗಿಲು ದಾಟುವ ಮುಂಚೆ ಬರೆಸಿಕೊಳ್ಳಿ.