ಅಂಚೆಚೀಟಿಯ ಮೇಲೆ ಕಿನ್ನಾಳದ ಗರುಡನೂ ಕೂಡಲಿ

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಮಾಡುವ ಬಣ್ಣದ ಮರದ ಗೊಂಬೆಗಳ ಬಗ್ಗೆ ಗಂಗಾವತಿಯ ನಿವೃತ್ತ ಮಾಸ್ತರರೊಬ್ಬರು ಕಾರ್ಡು ಬರೆದಿದ್ದಾರೆ: "ಕಿನ್ನಾಳ ಗೊಂಬೆಯ ಅಂಚೆಚೀಟಿ ಬರಬೇಕೆಂದು ಹೋದ ಸಂಚಿಕೆಯಲ್ಲಿ ಬರೆದಿರಿ. ಪತ್ರ ಬರೆಯುವವರೇ ಇಲ್ಲದ ಕಾಲದಲ್ಲಿ ಚೀಟಿಯಿಂದ ಚಿತ್ರಗಾರರ ಒಲೆ ಹೊತ್ತೀತೇ?"

ಹೊತ್ತುವುದಿಲ್ಲ ಮಾಸ್ತರರೇ, ಗೊಂಬೆ ಮಾರಾಟವಾದರೇ ಅವರ ಒಲೆ ಹೊತ್ತುವುದು. ಆದರೆ ಕಂಡೇ ಇಲ್ಲದ ಗೊಂಬೆಯನ್ನು ಕೇಳಿಕೊಂಡು ಯಾರು ಬರುತ್ತಾರೆ?

ನಾನು ಆರನೇ ಇಯತ್ತೆಯಲ್ಲಿದ್ದಾಗ ಸೋದರಮಾವ ತಮ್ಮ ಚೀಟಿಗಳ ಆಲ್ಬಮ್ ಕೊಟ್ಟರು. ಹಂಗೇರಿ ನಕಾಶೆಯಲ್ಲಿ ಎಲ್ಲಿದೆ ಎಂದು ತಿಳಿಯುವ ಮೊದಲೇ ಅಲ್ಲಿಯ ಹೆಣ್ಣುಮಕ್ಕಳ ಕಸೂತಿ ಲಂಗ ನನಗೆ ಗೊತ್ತಿತ್ತು. ನಮ್ಮ ದೇಶದ 1974ರ ಮುಖವಾಡಗಳ ಸರಣಿಯೂ ಅದರಲ್ಲಿತ್ತು. ರಾವಣನ ಚೀಟಿ ನೋಡಿದ ಅಜ್ಜಿ, "ಇವ ನಮ್ಮ ಬಯಲಾಟದಾಂವ ಅಲ್ಲೇನೋ?" ಎಂದಳು. ಓದು ಬಾರದ ಅಜ್ಜಿ ಆ ಚೀಟಿಯನ್ನು ಓದಿದ್ದು ಹಾಗೆ.

ಕೊಪ್ಪಳ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದಾಗ ಇಲ್ಲಿ ಹೈದರಾಬಾದಿನದೇ ಟಪಾಲು, ಅದರದೇ ಚೀಟಿ. 1931ರ ಸರಣಿಯಲ್ಲಿ ಚಾರ್‌ಮಿನಾರ್ ಇದೆ, ಹೈಕೋರ್ಟ್ ಇದೆ, ಅಜಂತಾ ಗುಹೆಯ ಬಾಗಿಲಿದೆ, ಬೀದರಿನ ಮದರಸಾ ಇದೆ. ಎಲ್ಲವೂ ಚೆಂದದ ಕಟ್ಟಡಗಳೇ. ಆದರೆ ಕೂರಿಗೆ ಹಿಡಿದವನಿಲ್ಲ, ಬೀಸುವ ಕಲ್ಲಿನ ಮುಂದೆ ಕೂತು ಹಾಡುವವಳಿಲ್ಲ. ಕಲ್ಲುಕಟ್ಟಡ ಚೀಟಿಯಿಲ್ಲದೆಯೂ ನಿಲ್ಲುತ್ತದೆ. ಮಣ್ಣಿನ ಗೋಡೆಯ ಚಿತ್ತಾರಕ್ಕೆ ಒಂದು ಮಳೆ ಸಾಕು. ಮಿಥಿಲೆಯ ಹೆಂಗಸರು ಗೋಡೆಗೆ ಬರೆಯುತ್ತಿದ್ದ ಮಧುಬನಿ ಚಿತ್ರಗಳು 2000ದಲ್ಲಿ ಚೀಟಿಗೆ ಬಂದವು. ಭೂತಾನ್ ಇನ್ನೂ ಮುಂದೆ ಹೋಯಿತು. 1970ರ ದಶಕದ ಆರಂಭದಲ್ಲೇ ಅದು ಪುಟ್ಟ ಗ್ರಾಮಾಫೋನ್ ತಟ್ಟೆಯಂಥ ಚೀಟಿಗಳನ್ನು ತಂದಿತು. ಸೂಜಿ ಇಟ್ಟರೆ ಅದರಲ್ಲಿ ಅವರ ಜನಪದ ಹಾಡು ಕೇಳುತ್ತದೆ! ನೆನೆದಾಗಲೆಲ್ಲ ನನಗೆ ಹೊಟ್ಟೆಕಿಚ್ಚು.

ಕಿನ್ನಾಳದ ಗರುಡನಿಗೆ ಯಾವುದು ಕಡಿಮೆ? ಹಗುರ ಮರ, ನೆನೆಸಿದ ಗೋಣಿನಾರು, ಹುಣಸೆಬೀಜದ ಅಂಟು, ಅದರ ಮೇಲೆ ಕಣ್ಣು ಕೋರೈಸುವ ಬಣ್ಣ. ಊರಿನ ಹೆಸರಿನ ಕಸುಬಿಗೆ ಕೊಡುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಆದರೂ ಸನ್ಮಾನದ ವೇದಿಕೆಯಲ್ಲಿ ಅತಿಥಿಯ ಕೈಗೆ ನಾವು ಕೊಡುವುದು ಪ್ಲಾಸ್ಟಿಕ್ ಫಲಕ. ತೊಗಲುಗೊಂಬೆ ಆಡಿಸುವ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೆಲ್ಲ ಹಿಗ್ಗಿತು. ಆ ಹಿಗ್ಗಿನಲ್ಲಿ ಎಷ್ಟು ಊರಿನವರು ಜಾತ್ರೆಗೆ ತೊಗಲುಗೊಂಬೆಯವರನ್ನು ಕರೆದರು? ನಮ್ಮೂರಿನಲ್ಲಂತೂ ಡಿಜೆ ಕಟ್ಟಿದರು. ಪರದೆಯ ಹಿಂದೆ ಆ ಆಟದ ಹಾಸ್ಯಗಾರ ಗೊಂಬೆ ಕಿಳ್ಳೇಕ್ಯಾತ ಕುಣಿಯುವುದನ್ನು ಕಾಣದ ಮಗು ನಾಳೆ ಯಾವ ಗುರುತು ಹಿಡಿದು ಅವನನ್ನು ಹುಡುಕಬೇಕು? ಇದು ಅಂಚೆಯವರ ತಪ್ಪಲ್ಲ, ನಮ್ಮದು.

ಮಾಸ್ತರರೇ, ನಿಮ್ಮ ಅಕ್ಷರ ಮುತ್ತಿನಂತಿದೆ. ಹೊಸ ಚೀಟಿಗೆ ಯಾವ ವಿಷಯ ಬೇಕೆಂದು ಅಂಚೆ ಇಲಾಖೆಗೆ ಯಾರೂ ಸೂಚಿಸಬಹುದು, ಸಲಹಾ ಸಮಿತಿ ಅದನ್ನು ನೋಡುತ್ತದೆ. ಆ ಮನವಿಯನ್ನು ನೀವೇ ಬರೆಯಿರಿ. ಗರುಡನ ಫೋಟೋ ನಾನು ಕಳಿಸುತ್ತೇನೆ, ಮೊದಲ ಸಹಿ ನಿಮ್ಮದು, ಎರಡನೆಯದು ನನ್ನದು.