ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂರ್ಬೇಕಂದ್ರೆ ಚೌಕಾಬಾರದಿಂದ ಶುರು ಮಾಡಿ

ಅಕ್ಕಾ, ರಜೆಗೆ ಅತ್ತೆ ಬಂದಿದಾರೆ, ಮಕ್ಕಳಿಬ್ರೂ ಮೊಬೈಲ್ ಬಿಡಲ್ಲ, ಚಿಕ್ಕೋನಂತೂ ಸೋತ್ರೆ ಅತ್ಕೊಂಡು ಎದ್ದು ಹೋಗ್ತಾನೆ, ಯಾವ ಆಟ ತರ್ಲಿ ಅಂತ ಕೇಳಿದೀರಲ್ಲ, ಸದ್ಯಕ್ಕೆ ದುಡ್ಡು ಕೊಟ್ಟು ಏನೂ ತರ್ಬೇಡಿ, ಚೌಕಾಬಾರ ಆಡಿಸಿ, ಅದೇ ಕವಡೆ ಹಾಕಿ ಕಾಯಿ ನಡೆಸೋ ಆಟ. ಐದೈದರಂತೆ 25 ಮನೆ ಬರೆದು, ನಾಲ್ಕೂ ಬದಿಯ ನಡುಮನೆಗೆ ಮತ್ತೆ ಮಧ್ಯದ ಮನೆಗೆ ಇಂಟು ಮಾರ್ಕ್ ಹಾಕಿದ್ರೆ ಬೋರ್ಡ್ ರೆಡಿ. ಅತ್ತೆಗೆ ಮಂಡಿನೋವಿದ್ರೆ ನೆಲದ ಮೇಲೆ ಬೇಡ, ರಟ್ಟಿನ ಮೇಲೆ ಬರೆದು ಟೇಬಲ್ ಮೇಲಿಡಿ.

ಮುಖ್ಯವಾದ ಮಾತು, ನೀವು ಯೂಟ್ಯೂಬ್ ನೋಡಿ ಕಲಿಸೋಕೆ ಹೋಗ್ಬೇಡಿ, ಅತ್ತೆ ಕೈಲೇ ಕಲಿಸಿ. ಒಂದೊಂದು ಮನೇಲಿ ಒಂದೊಂದು ರೂಲ್ಸ್, ಕೆಲವರಲ್ಲಿ ಚೌಕನೋ (ನಾಲ್ಕು) ಬಾರನೋ (ಎಂಟು) ಬೀಳದೆ ಕಾಯಿ ಇಳಿಯೋದೇ ಇಲ್ಲ. ಅವರ ತವರಲ್ಲಿ ಹೇಗೆ ಆಡ್ತಿದ್ರೋ ಹಾಗೇ ನಡೀಲಿ. ಮಕ್ಕಳು "ಯಾಕಜ್ಜಿ ಹೀಗೆ" ಅಂತ ಜಗಳಕ್ಕೆ ಬಿದ್ರೆ ಅವರು ತಮ್ಮ ಅಕ್ಕತಂಗೀರ ಜೊತೆ ಆಡಿದ ಕಥೆ ತೆಗೀತಾರೆ, "ಊಟ ಆಯ್ತಾ, ಓದಿದ್ಯಾ" ಬಿಟ್ಟು ಬೇರೆ ಮಾತು ಶುರುವಾಗೋದು ಆವಾಗ್ಲೇ.

ಚಿಕ್ಕೋನನ್ನ ಅಜ್ಜಿಗೆ ಜೋಡಿ ಮಾಡಿ, ಎದುರುಬದುರು ಕೂರೋರು ಒಂದು ಪಾರ್ಟಿ. ಸೋತ್ರೂ ಒಬ್ಬನೇ ಸೋತ ಹಾಗಾಗಲ್ಲ. ಜೊತೆಗೆ ಈ ಆಟದಲ್ಲಿ ಎದುರಾಳಿಯ ಒಂದು ಕಾಯಾದ್ರೂ ಹೊಡೀದೆ ಮಧ್ಯದ ಮನೆ ಕಡೆ ಹೋಗೋ ಒಳಸುತ್ತಿಗೆ ಕಾಲಿಡೋ ಹಾಗಿಲ್ಲ, ಅಂದ್ರೆ ಮುಂದೆ ಓಡಿದೋರೂ ಹೊರಗಡೆನೇ ಸುತ್ತುತ್ತಾ ಇರ್ಬೇಕು, ಅಷ್ಟರಲ್ಲಿ ಹಿಂದಿದ್ದೋರು ಹೊಡೆದ್ರೆ ಮತ್ತೆ ಮೊದಲಿಂದ, ಹಾಗಾಗಿ ಕೊನೇವರೆಗೂ ಮಗುಗೆ ಆಸೆ ಇರುತ್ತೆ. ಬೇಕಂತ ಸೋತು ಕೊಡ್ಬೇಡಿ, ಮಕ್ಕಳಿಗೆ ಗೊತ್ತಾಗುತ್ತೆ, ಆಮೇಲೆ ಗೆದ್ರೂ ಖುಷಿ ಇರಲ್ಲ. ಬೇಕಿದ್ರೆ ಮೊದಲು ನಾಲ್ಕು ಕಾಯಿ ಬದಲು ಎರಡೇ ಇಟ್ಕೊಂಡು ಆಡಿ, ಬೇಗ ಮುಗಿಯುತ್ತೆ, ಇನ್ನೊಂದಾಟ ಅಂತ ಅವನೇ ಕೇಳ್ತಾನೆ.

ದೊಡ್ಡೋರ ಫೋನೂ ಆಚೆ ರೂಮಲ್ಲಿರ್ಲಿ, ಇದೊಂದ್ರಲ್ಲಿ ಮಾತ್ರ ದಯವಿಟ್ಟು ರಿಯಾಯಿತಿ ಬೇಡ. ಅಪ್ಪ ನಡುವೆ ಮೆಸೇಜ್ ನೋಡ್ತಾ ಕೂತ್ರೆ ಮಕ್ಕಳು ಯಾಕೆ ಬಿಡ್ತಾರೆ ಹೇಳಿ.

ಕವಡೆ ಗ್ರಂಥಿಗೆ ಅಂಗಡೀಲಿ ಸಿಗುತ್ತೆ. ಇಲ್ಲಾಂದ್ರೆ ನಾಲ್ಕು ಹುಣಸೆ ಬೀಜ ತಗೊಂಡು ಒಂದು ಮಗ್ಗುಲು ಒರಟು ಕಲ್ಲಿಗೆ ಉಜ್ಜಿ, ಸಿಪ್ಪೆ ಹೋಗಿ ಬಿಳಿ ಕಾಣ್ಬೇಕು, ಈ ಕೆಲಸ ಮಕ್ಕಳಿಗೇ ಕೊಡಿ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಲೆಕ್ಕ, ನಾಲ್ಕೂ ಬಿಳಿ ಚೌಕ, ನಾಲ್ಕೂ ಕಪ್ಪು ಬಾರ ಅಂದ್ರೆ ಎಂಟು, ಎರಡಕ್ಕೂ ಮರು ಆಟ, ಅಂದ್ರೆ ಅವರೇ ಇನ್ನೊಂದ್ಸಲ ಹಾಕ್ಬೋದು. ಇದು ಕೈಗೆ ಹತ್ತಿದ ಮೇಲೆ ಅಳಗುಳಿ ಮಣೆ, ಅದೇ ಗುಳಿಗಳಿಗೆ ಬೀಜ ಹಂಚೋ ಆಟ, ನೋಡೋಣ.

ಅತ್ತೆ ಹೇಳೋ ರೂಲ್ಸ್ ಇಲ್ಲಿ ಬರೀರಿ ಅಕ್ಕಾ, ನಿಮ್ಮ ಕಡೆ ಕಾಯಿ ಹೊಡೆದ್ರೂ ಮರು ಆಟ ಕೊಡ್ತಾರಾ ಅಂತ ನಂಗೆ ತಿಳ್ಕೋಬೇಕು.