ಮೂತ್ರದಲ್ಲಿ ರಕ್ತ ಹೋಗಿದೆ, ಜೀನ್ ಟೆಸ್ಟ್ ಸಾಕಾ, ಕ್ಯಾಮರಾ ಹಾಕ್ಲೇಬೇಕಾ?

ಅಪ್ಪನಿಗೆ 63 ವರ್ಷ, ಬೀಡಿ ಸೇದ್ತಾರೆ, ಒಂದು ಸಲ ಮೂತ್ರದಲ್ಲಿ ರಕ್ತ ಹೋಗಿ ತನ್ನಷ್ಟಕ್ಕೆ ನಿಂತಿದೆ, ಲ್ಯಾಬಿನವರು ಮೂತ್ರದ ಜೀನ್ ಟೆಸ್ಟ್ ಮಾಡಿಸಿದ್ರೆ ಮೂತ್ರಕೋಶದೊಳಗೆ ಕ್ಯಾಮರಾ ಹಾಕಿ ಅಲ್ಲಿ ಕ್ಯಾನ್ಸರ್ ಉಂಟಾ ಅಂತ ನೋಡುದು ಬೇಡ ಅಂತಾರೆ, ನಂಬಬಹುದಾ ಅಂತ ಕೇಳಿದ್ದೀರಿ. ನಂಬ್ಬೇಡಿ ಮಾರಾಯ್ರೇ.

ನಾನು ಕುಂಬಳೆಯವ, ಮಂಗಳೂರಲ್ಲಿ ಲ್ಯಾಬ್ ಟೆಕ್ನೀಷಿಯನ್. ನಮ್ಮ ಮಾವನಿಗೂ ಹೀಗೇ ಆದದ್ದು. ನೋವಿಲ್ಲ ಎಂತ ಇಲ್ಲ, ಉಷ್ಣ ಆಗಿರ್ಬೇಕು ಅಂತ ಯಾರಿಗೂ ಹೇಳದೆ ಬೊಂಡ, ಬಾರ್ಲಿ ನೀರು ಕುಡ್ಕೊಂಡು ಆರು ತಿಂಗಳು ಕಳೆದ್ರು, ಮತ್ತೆ ರಕ್ತ ಕಂಡಾಗ ಸೈಟಾಲಜಿ (ಮೂತ್ರದಲ್ಲಿ ಬರುವ ಸೆಲ್ಲುಗಳನ್ನು ಮೈಕ್ರೋಸ್ಕೋಪಲ್ಲಿ ನೋಡುವ ಟೆಸ್ಟ್) ಮಾಡಿಸಿದ್ವಿ, ಅದ್ರಲ್ಲಿ ಏನೂ ಇಲ್ಲ ಅಂತ ಬಂತು, ಆದ್ರೂ ಡಾಕ್ಟ್ರು ಬಿಡದೆ ಸಿಸ್ಟೊಸ್ಕೋಪಿ, ಅಂದ್ರೆ ಈ ಕ್ಯಾಮರಾ ಪರೀಕ್ಷೆ, ಮಾಡಿದಾಗ ಸಣ್ಣ ಗಡ್ಡೆ ಕಂಡಿತು. ಲೋ ಗ್ರೇಡ್ (ನಿಧಾನ ಬೆಳೆಯುವ) ಗಡ್ಡೆಯ ಸೆಲ್ಲುಗಳು ಹೆಚ್ಚುಕಮ್ಮಿ ಮಾಮೂಲಿ ಸೆಲ್ಲಿನ ಹಾಗೇ ಕಾಣ್ತವೆ, ಹಾಗಾಗಿ ಸೈಟಾಲಜಿಯಲ್ಲಿ ತಪ್ಪಿಹೋಗ್ತವೆ.

ಈ ಕೊರತೆ ತುಂಬ್ಲಿಕ್ಕೇ ಜೀನ್ ಟೆಸ್ಟ್ ಬಂದದ್ದು. ಯೂರೋವಿಷನ್ ಅನ್ನೋ ಫಿಶ್ ಟೆಸ್ಟು (ಹೊಳೆಯುವ ಬಣ್ಣ ಅಂಟಿಸಿ ಸೆಲ್ಲಿನ ಕ್ರೋಮೋಸೋಮು ನೋಡುವ ಟೆಸ್ಟು) 3, 7, 17ನೇ ಕ್ರೋಮೋಸೋಮು ಜಾಸ್ತಿ ಉಂಟಾ, 9ನೇದ್ರ ಒಂದು ತುಂಡು ಹೋಗಿದೆಯಾ ಅಂತ ನೋಡ್ತದೆ. ಅಮೆರಿಕದಲ್ಲಿ 2001ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಒಮ್ಮೆ ಕ್ಯಾನ್ಸರ್ ಆದವರಿಗೆ ಮತ್ತೆ ಬಂದಿದೆಯಾ ನೋಡ್ಲಿಕ್ಕೆ, ರಕ್ತ ಹೋಗುವವರಿಗೆ 2005ರಲ್ಲಿ, ಅದೂ ಮಾಮೂಲಿ ಪರೀಕ್ಷೆಗಳ ಜೊತೆಗೆ, ಬದಲಿಗೆ ಅಲ್ಲ. ಟರ್ಟ್, ಎಫ್‌ಜಿಎಫ್‌ಆರ್3 ಜೀನಿನ ಬದಲಾವಣೆ ಹುಡುಕುವ ಟೆಸ್ಟೂ ಉಂಟು.

ಲ್ಯಾಬಿನವರು 90 ಪರ್ಸೆಂಟ್ ಸರಿ ಅಂದ್ರೆ ಯಾವುದರಲ್ಲಿ 90 ಅಂತ ಕೇಳಿ. ಲೆಕ್ಕಕ್ಕೆ ರಕ್ತ ಹೋದ 100 ಜನರಲ್ಲಿ 10 ಜನಕ್ಕೆ ಕ್ಯಾನ್ಸರ್ ಅಂತ ಇಟ್ಕೊಳ್ಳಿ. ಕ್ಯಾನ್ಸರ್ ಇದ್ದವರಲ್ಲೂ ಇಲ್ಲದವರಲ್ಲೂ 90 ಪರ್ಸೆಂಟ್ ಸರಿ ಹೇಳುವ ಟೆಸ್ಟಾದ್ರೂ 9 ಜನರನ್ನು ಹಿಡೀತದೆ, ಒಬ್ಬರನ್ನು ಬಿಡ್ತದೆ, ಏನೂ ಇಲ್ಲದ ಬೇರೆ 9 ಜನಕ್ಕೂ ಪಾಸಿಟಿವ್ ಕೊಡ್ತದೆ. ಅಂದ್ರೆ ಪಾಸಿಟಿವ್ ಬಂದ್ರೂ ಕ್ಯಾಮರಾ ಹಾಕ್ಲೇಬೇಕು, ನೆಗೆಟಿವ್ ಬಂದ್ರೆ ತಪ್ಪಿಹೋದ ಆ ಒಬ್ಬರು ನಿಮ್ಮ ಅಪ್ಪ ಅಲ್ಲ ಅಂತ ಹೇಗೆ ಹೇಳುದು? ಸಣ್ಣ ಲೋ ಗ್ರೇಡ್ ಗಡ್ಡೆಯನ್ನು ಎಷ್ಟು ಹಿಡೀತದೆ ಅಂತ ಬೇರೆಯೇ ಕೇಳಿ. ಕಲ್ಲು, ಇನ್ಫೆಕ್ಷನ್ ಇದ್ದವರ ಮೇಲೂ ಟೆಸ್ಟ್ ಮಾಡಿ ನೋಡಿದ್ದಾರಾ, ಬರೀ ಆರೋಗ್ಯವಂತರ ಜೊತೆ ಹೋಲಿಸಿದ್ದಾ, ಅದನ್ನೂ ಕೇಳಿ, ನಂಬರು ಚಂದ ಕಾಣುದು ಹೆಚ್ಚಾಗಿ ಅಲ್ಲಿಯೇ.

ಕ್ಯಾಮರಾಕ್ಕೆ ಅಪ್ಪ ಹೆದರಿದ್ರೆ ಹೇಳಿ, ಮರಗಟ್ಟುವ ಜೆಲ್ ಹಾಕ್ತಾರೆ, ನೋಡುದು ಕೆಲವೇ ನಿಮಿಷ, ಮಾವನಿಗೆ ಎರಡು ದಿನ ಉರಿ ಇತ್ತು ಅಷ್ಟೇ. ಈ ವಾರವೇ ಯೂರಾಲಜಿಸ್ಟ್ ಹತ್ರ ಕರ್ಕೊಂಡು ಹೋಗಿ, ಬೀಡಿ ಎಷ್ಟು ವರ್ಷದಿಂದ ಅಂತ ಮುಚ್ಚಿಡದೆ ಹೇಳಿ, ಈ ಕ್ಯಾನ್ಸರಿಗೆ ದೊಡ್ಡ ಕಾರಣ ಅದೇ.